ಓದುಗರ ಪ್ರಶ್ನೆ: ಹಳೆಯ ಕೋಟೆಗೆ ತೆರಿಗೆಯ ಹಣ ಸುರಿಯಬೇಕೆ?

ಪ್ರಶ್ನೆ: ಪ್ರವಾಸೋದ್ಯಮ ಬೆಳೆಯುತ್ತದೆ ಎಂಬ ಕಾರಣ ಕೊಟ್ಟು ಸರ್ಕಾರಗಳು ಐತಿಹಾಸಿಕ ಕೋಟೆಗಳ ಜೀರ್ಣೋದ್ಧಾರಕ್ಕೆ ಭಾರಿ ಮೊತ್ತ ತೆಗೆದಿರಿಸುತ್ತವೆ. ಆ ಕೋಟೆಯತ್ತ ಎಂದೂ ಸುಳಿಯದ ತೆರಿಗೆದಾರನೂ ಈ ಹೊರೆ ಹೊರಬೇಕೆ? ಹಾಕಿದ ಹಣ ಟಿಕೆಟ್ ಮಾರಾಟದಿಂದ ವಾಪಸಾಗುತ್ತದೆಯೆ?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಟಿಕೆಟ್ಟಿನ ಹಣದಿಂದಲೇ ತನ್ನ ಖರ್ಚು ತೂಗಿಸಿಕೊಳ್ಳುವ ಕೋಟೆಗಳು ವಿರಳ. ಪ್ರವಾಸಿಗರ ಖರ್ಚಿನ ಹೆಚ್ಚಿನ ಪಾಲು ವಸತಿ, ಊಟ, ಸಾರಿಗೆಗೆ ಹೋಗುವುದರಿಂದ, ದುರಸ್ತಿಯ ವೆಚ್ಚ ಕೋಟೆಯ ಲೆಕ್ಕದಲ್ಲೂ ಲಾಭ ಸುತ್ತಲಿನವರ ಜೇಬಿನಲ್ಲೂ ಉಳಿಯುತ್ತದೆ. ಸಾರ್ವಜನಿಕ ಹಣಕ್ಕೆ ಇರುವ ಗಟ್ಟಿಯಾದ ಸಮರ್ಥನೆಯೂ ಇದೇ.

ಆದರೆ ಮಾಲೀಕರಿಗೆ ಬೇರೆ ದಾರಿಯಿದ್ದಾಗ ಜನ ಸುಮ್ಮನಿರುವುದಿಲ್ಲ. 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ರಾಜಮನೆತನದ ನಿವಾಸವಾದ ವಿಂಡ್ಸರ್ ಕೋಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಕೊಠಡಿಗಳು ಹಾನಿಗೊಂಡಾಗ, ವೆಚ್ಚವನ್ನು ತಾನೇ ಭರಿಸುವುದಾಗಿ ಸರ್ಕಾರ ಹೇಳಿತು. ಅದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಕೊನೆಗೆ 1993ರಿಂದ ಬಕಿಂಗ್‌ಹ್ಯಾಮ್ ಅರಮನೆಯನ್ನು ಬೇಸಿಗೆಯಲ್ಲಿ ಸಾರ್ವಜನಿಕರಿಗೆ ತೆರೆದು, ಸುಮಾರು 3.65 ಕೋಟಿ ಪೌಂಡ್ ವೆಚ್ಚದ ಬಹುಪಾಲನ್ನು ಪ್ರವೇಶಶುಲ್ಕದಿಂದಲೇ ಹೊಂದಿಸಲಾಯಿತು. ಒಂದು ಕೋಟೆ ಸುಟ್ಟರೆ ತೆರೆದು ತೋರಿಸಲು ಇನ್ನೊಂದು ಅರಮನೆಯಿರುವ ಭಾಗ್ಯ ಎಲ್ಲರಿಗೂ ಎಲ್ಲಿಂದ ಬರಬೇಕು!

ಹಣ ಯಾರದು ಎಂಬುದಕ್ಕಿಂತ ಅದು ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನೇ ನಾನು ಮುಖ್ಯವೆಂದು ಭಾವಿಸುತ್ತೇನೆ. ಹಳೆಯ ಗೋಡೆಯ ಸಂದುಗಳಲ್ಲಿರುವ ಸುಣ್ಣದ ಗಾರೆ ಕಲ್ಲಿಗಿಂತ ಮೃದು. ಗೋಡೆ ಹೀರಿದ ನೀರು ಆ ಸಂದುಗಳ ಮೂಲಕವೇ ಆರಿಹೋಗುತ್ತದೆ. ಬೇಗ ಮುಗಿಯಲಿ ಎಂದು ಅಲ್ಲಿ ಸಿಮೆಂಟ್ ಮೆತ್ತಿದರೆ ತೇವ ಕಲ್ಲಿನ ಮೂಲಕ ಹೊರಬರಬೇಕಾಗುತ್ತದೆ. ಕೆಲವು ವರ್ಷಗಳಲ್ಲಿ ಮರಳುಗಲ್ಲಿನ ಮುಖ ಪದರಪದರವಾಗಿ ಉದುರಿ ಒಳಸರಿದು, ಸಿಮೆಂಟಿನ ಗೆರೆಗಳು ಮಾತ್ರ ಬಡಕಲು ಮೈಯ ಪಕ್ಕೆಲುಬುಗಳಂತೆ ಮುಂಚಾಚಿ ನಿಲ್ಲುತ್ತವೆ. ಇಂಥ ದುರಸ್ತಿಗೆ ಕೊಟ್ಟ ಹಣ ಕೋಟೆಗೆ ಕೊಟ್ಟ ಏಟೇ ಸರಿ.

ಜಪಾನಿನ ಹಿಮೇಜಿ ಕೋಟೆಯಲ್ಲಿ 2009ರಿಂದ 2015ರವರೆಗೆ ನಡೆದ ಕೆಲಸ ಹೀಗಿರಲಿಲ್ಲ. ಹೆಂಚುಗಳನ್ನು ಸರಿಪಡಿಸಿ, ಸುಣ್ಣದ ಗಿಲಾವನ್ನು ಹೊಸದಾಗಿ ಬಳಿದರು. ಅಷ್ಟೂ ಕಾಲ ಬಾಗಿಲು ಮುಚ್ಚಿಡುವ ಬದಲು, ಮುಖ್ಯ ಗೋಪುರಕ್ಕೆ ಹೊದಿಸಿದ್ದ ತಾತ್ಕಾಲಿಕ ಕಟ್ಟಡದಲ್ಲಿ ಲಿಫ್ಟ್ ಇಟ್ಟು, ಕುಶಲಕರ್ಮಿಗಳ ಕೆಲಸವನ್ನು ಜನ ಹತ್ತಿರದಿಂದ ನೋಡುವಂತೆ ಮಾಡಿದರು. ದುರಸ್ತಿಯೇ ನೋಡತಕ್ಕ ವಸ್ತುವಾಯಿತು.

ಪ್ರಶ್ನೆ: ಬಿದ್ದುಹೋದ ಭಾಗಗಳನ್ನು ಹಿಂದಿನಂತೆಯೇ ಕಟ್ಟಿಬಿಟ್ಟರೆ ಪ್ರವಾಸಿಗರು ಇನ್ನೂ ಹೆಚ್ಚು ಬರುವುದಿಲ್ಲವೆ?

ಉತ್ತರ: ಬರಲೂಬಹುದು; ಆದರೆ ‘ಹಿಂದಿನಂತೆ’ ಎಂಬುದು ಯಾರಿಗೆ ಗೊತ್ತು? ಊಹೆ ಆರಂಭವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಎಂದು ಸ್ಮಾರಕಗಳ ಸಂರಕ್ಷಣೆಯ ಕುರಿತ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಅದಕ್ಕೂ ಮೊದಲೇ ಜರ್ಮನಿಯ ಹೈಡಲ್‌ಬರ್ಗ್ ಕೋಟೆಯ ವಿಷಯದಲ್ಲಿ ಈ ಚರ್ಚೆ ಕಾವೇರಿತ್ತು. 17ನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಸೇನೆ ಹಾಳುಗೆಡವಿದ, 1764ರಲ್ಲಿ ಸಿಡಿಲಿಗೂ ಸಿಕ್ಕ ಆ ಕೋಟೆಯನ್ನು ಪೂರ್ತಿ ಕಟ್ಟಬೇಕೆಂಬ ಒತ್ತಾಯ ಬಂದಾಗ, ಕಲಾ ಇತಿಹಾಸಕಾರ ಗೇಯೋರ್ಗ್ ಡೇಹಿಯೊ 1901ರಲ್ಲಿ ಅದನ್ನು ಕಟುವಾಗಿ ವಿರೋಧಿಸಿದರು: ಉಳಿದಿರುವುದನ್ನು ಕಾಪಾಡಿ, ಹೊಸದನ್ನು ಕಟ್ಟಬೇಡಿ ಎಂಬುದು ಅವರ ನಿಲುವು. ಅಲ್ಲಿನ ಓಟ್‌ಹೈನ್‌ರಿಶ್ ಭವನದ ಮುಂಗೋಡೆ ಚಾವಣಿಯಿಲ್ಲದೆಯೇ ಉಳಿಯಿತು. ಪಾಳುಬಿದ್ದ ಆ ಕೋಟೆಯನ್ನು ನೋಡಲೆಂದೇ ಜನ ಇಂದಿಗೂ ಬೆಟ್ಟವೇರಿ ಬರುತ್ತಾರೆ.

ಹಾಗಾಗಿ ನಿಮ್ಮ ಮುಂದೆ ಇಂಥ ಯೋಜನೆಯೊಂದು ಬಂದಾಗ ಗೋಪುರದ ಬಣ್ಣದ ಚಿತ್ರವನ್ನು ಬದಿಗಿಟ್ಟು, ಉದ್ಘಾಟನೆಯಾದ ಹತ್ತನೆಯ ವರ್ಷದಲ್ಲಿ ಮಳೆನೀರಿನ ದೋಣಿಯಿಂದ ಕಸ ತೆಗೆಯುವವರ ಸಂಬಳ ಯಾವ ಲೆಕ್ಕದಲ್ಲಿದೆ ಎಂದು ಕೇಳಿ.