ಬೇರಿನ ಗಂಟು ಮತ್ತು ಮಣ್ಣಿನ ಜೀವಾಣುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹೊಲದ ಶೇಂಗಾ ಗಿಡಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿವೆ, ಅವು ಇದ್ದಷ್ಟೂ ಒಳ್ಳೆಯದೆಂದು ಹಿರಿಯರು ಹೇಳುತ್ತಾರೆ. ಪಕ್ಕದ ಹೊಲದಲ್ಲಿ ಸೊರಗಿದ ಟೊಮೆಟೊ ಗಿಡ ಕಿತ್ತರೆ ಅಲ್ಲಿಯೂ ಗಂಟುಗಳೇ, ಅದನ್ನು ರೋಗವೆನ್ನುತ್ತಾರೆ. ಮಣ್ಣಿನಲ್ಲಿರುವ ಅಸಂಖ್ಯ ಜೀವಾಣುಗಳಲ್ಲಿ ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕೆಂದು ಬೇರಿಗೆ ತಿಳಿಯುವುದಾದರೂ ಹೇಗೆ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಮೊದಲು ಕಣ್ಣಿಗೆ ಕಾಣುವ ವ್ಯತ್ಯಾಸವನ್ನು ಹೇಳುತ್ತೇನೆ. ಶೇಂಗಾ ಬೇರಿನ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಬೆರಳಿನಿಂದ ಉಜ್ಜಿದರೆ ಉದುರುತ್ತದೆ, ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಟೊಮೆಟೊ ಗಿಡದಲ್ಲಿ ಬೇರೇ ಊದಿಕೊಂಡು ಗಂಟಾಗಿರುವುದರಿಂದ ಅದನ್ನು ಬಿಡಿಸಲು ಬರುವುದಿಲ್ಲ. ಅದು ಬೇರುಗಂಟು ಜಂತುಹುಳುವಿನ ಕೆಲಸ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಈ ಹುಳುವಿನ ಮರಿ ಬೇರಿನೊಳಗೆ ನೆಲೆಸಿ, ಗಿಡದ ಕೆಲವು ಜೀವಕೋಶಗಳನ್ನು ದೈತ್ಯಾಕಾರಕ್ಕೆ ಬೆಳೆಸಿ ಅವುಗಳಿಂದಲೇ ಆಹಾರ ಹೀರುತ್ತದೆ. ಗಿಡಕ್ಕೆ ಹಿಂದಿರುಗಿ ಏನನ್ನೂ ಕೊಡುವುದಿಲ್ಲ.

ಶೇಂಗಾ ಗಂಟಿನೊಳಗೆ ಇರುವುದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ಇಂಥ ಗಂಟುಗಳ ನೆರವಿನಿಂದ ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತವೆ ಎಂಬುದನ್ನು 1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ತೋರಿಸಿಕೊಟ್ಟರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಬಟಾಣಿಯಂಥ ಗಿಡದ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಮಣ್ಣಿಗೆ ಸ್ರವಿಸುತ್ತದೆ. ಅದನ್ನು ಗುರುತಿಸಬಲ್ಲ ರೈಜೋಬಿಯಂ ಪ್ರತಿಯಾಗಿ ನಾಡ್ ಅಂಶ ಎಂಬ ಇನ್ನೊಂದು ರಾಸಾಯನಿಕವನ್ನು ತಯಾರಿಸುತ್ತದೆ. ಬೇರುರೋಮದ ಮೇಲಿನ ಗ್ರಾಹಕ ಪ್ರೋಟೀನುಗಳು ಅದನ್ನು ಹಿಡಿದೊಡನೆ ರೋಮ ಸುರುಳಿ ಸುತ್ತಿಕೊಂಡು ಬ್ಯಾಕ್ಟೀರಿಯಾಕ್ಕೆ ಒಳದಾರಿ ಮಾಡಿಕೊಡುತ್ತದೆ. (ಶೇಂಗಾದಲ್ಲಿ ಈ ದಾರಿ ಬೇರೆ: ಕವಲುಬೇರು ಹೊರಬರುವಲ್ಲಿ ಉಂಟಾಗುವ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಗುತ್ತದೆ.) ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು: ನಾಡ್ ಅಂಶದ ಬೆನ್ನೆಲುಬು ಸಕ್ಕರೆ ಘಟಕಗಳು ಸೇರಿ ಆಗುವ ಕೈಟಿನ್‌ನ ನಾಲ್ಕೈದು ಕೊಂಡಿಗಳ ಸರಪಳಿ, ರೋಗ ತರುವ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿರುವುದೂ ಅದೇ ಕೈಟಿನ್, ಅಲ್ಲಿ ಸರಪಳಿ ಇನ್ನೂ ಉದ್ದ. ಶಿಲೀಂಧ್ರದ ಕೈಟಿನ್ ತುಣುಕು ತಗುಲಿದರೆ ಗಿಡ ರಕ್ಷಣೆಗೆ ನಿಲ್ಲುತ್ತದೆ, ಕೊಬ್ಬಿನ ಅಂಶ ಜೋಡಣೆಯಾದ ನಾಡ್ ಅಂಶದ ಗಿಡ್ಡ ಸರಪಳಿ ತಗುಲಿದರೆ ಸ್ವಾಗತಿಸುತ್ತದೆ. ಎರಡನ್ನೂ ಗುರುತಿಸುವ ಗ್ರಾಹಕಗಳು ಒಂದೇ ಕುಟುಂಬಕ್ಕೆ ಸೇರಿದವು. ಅಂದರೆ ಮಿತ್ರನನ್ನು ಬರಮಾಡಿಕೊಳ್ಳುವ ವ್ಯವಸ್ಥೆಯೂ ಶತ್ರುವನ್ನು ತಡೆಯುವ ವ್ಯವಸ್ಥೆಯೂ ಗಿಡದಲ್ಲಿ ಹತ್ತಿರದ ಸಂಬಂಧಿಗಳು.

ಬ್ಯಾಕ್ಟೀರಿಯಾಗಳ ಕಡೆಯಿಂದಲೂ ಹೀಗೆಯೇ. ಟೊಮೆಟೊ, ಬದನೆಗಳಲ್ಲಿ ದುಂಡಾಣು ಸೊರಗು ರೋಗ ತರುವ ರಾಲ್‌ಸ್ಟೋನಿಯಾ, ಸೂಜಿಯಂಥ ಒಂದು ರಚನೆಯಿಂದ ಗಿಡದ ಕೋಶದೊಳಗೆ ಪ್ರೋಟೀನುಗಳನ್ನು ಚುಚ್ಚಿ ಅದರ ರಕ್ಷಣೆಯನ್ನು ಕುಗ್ಗಿಸುತ್ತದೆ. ಹಲವು ರೈಜೋಬಿಯಂಗಳಲ್ಲಿಯೂ ಇದೇ ಸೂಜಿ ಇದೆ. ಕೆಲವು ಸೋಯಾ ಅವರೆ ತಳಿಗಳು ಆ ಪ್ರೋಟೀನುಗಳನ್ನು ಗುರುತಿಸಿ, ಉಪಕಾರಿಯಾದ ರೈಜೋಬಿಯಂಗೂ ಗಂಟು ಕಟ್ಟಲು ಬಿಡದೆ ಹೊರಗಿಡುತ್ತವೆ.

ಒಳಗೆ ಬಿಟ್ಟುಕೊಂಡ ಮಾತ್ರಕ್ಕೆ ಗಿಡದ ಎಚ್ಚರ ಮುಗಿಯುವುದಿಲ್ಲ. ಸಾರಜನಕವನ್ನು ಅಮೋನಿಯವಾಗಿಸುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಗಿಡ ಲೆಗ್‌ಹಿಮೊಗ್ಲೋಬಿನ್‌ನಿಂದ ಬಿಡಿಸಿದೆ. ಆಮ್ಲಜನಕವನ್ನು ಹಿಡಿದಿಟ್ಟು ಅಳತೆಯಲ್ಲಿ ಬಿಡುವ, ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ನಂಟಿರುವ ಈ ವರ್ಣದ್ರವ್ಯವೇ ಗಂಟಿನ ಕೆಂಪಿಗೆ ಕಾರಣ. ಸಾರಜನಕ ಕೊಡದ ಬ್ಯಾಕ್ಟೀರಿಯಾವನ್ನು ಗಿಡ ಸಹಿಸುತ್ತದೆಯೇ ಎಂಬುದನ್ನು 2003ರಲ್ಲಿ ಟೋಬಿ ಕೀಯರ್ಸ್ ಮತ್ತು ಸಂಗಡಿಗರು ಸೋಯಾ ಅವರೆಯ ಮೇಲೆ ಪರೀಕ್ಷಿಸಿದರು. ಗಂಟುಗಳ ಸುತ್ತಲಿನ ಗಾಳಿಯಿಂದ ಸಾರಜನಕವನ್ನು ತೆಗೆದು ಅದರ ಜಾಗದಲ್ಲಿ ಆರ್ಗಾನ್ ಎಂಬ ಜಡ ಅನಿಲ ತುಂಬಿದಾಗ, ಕೆಲಸವಿಲ್ಲದಂತಾದ ಬ್ಯಾಕ್ಟೀರಿಯಾಗಳ ಸಂಖ್ಯೆ ಸಾರಜನಕ ಕೊಡುತ್ತಿದ್ದವುಗಳಿಗಿಂತ ಬಹಳ ಕಡಿಮೆಯಾಯಿತು. ಅಂಥ ಗಂಟುಗಳಿಗೆ ಗಿಡ ಆಮ್ಲಜನಕದ ಪೂರೈಕೆಯನ್ನು ತಗ್ಗಿಸಿತ್ತೆಂದು ತೋರುತ್ತದೆ. ಮುಂದಿನ ಸಲ ಗಂಟು ಸೀಳಿ ನೋಡಿ: ಕೆಂಪಾಗಿದ್ದರೆ ಅದು ದುಡಿಯುತ್ತಿದೆ, ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿದಿದೆ.

ಪ್ರಶ್ನೆ: ತೊಗರಿ ಬೀಜಕ್ಕೆ ರೈಜೋಬಿಯಂ ಉಪಚಾರ ಮಾಡಿದ ಮೇಲೆ ಯೂರಿಯಾವನ್ನೂ ಧಾರಾಳವಾಗಿ ಕೊಟ್ಟರೆ ಇಳುವರಿ ಇನ್ನಷ್ಟು ಹೆಚ್ಚಬಹುದಲ್ಲವೇ?
– ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಇಲ್ಲ. ಬ್ಯಾಕ್ಟೀರಿಯಾವನ್ನು ಸಾಕಲು ಗಿಡ ತನ್ನ ಸಕ್ಕರೆಯನ್ನು ವೆಚ್ಚ ಮಾಡಬೇಕು. ಆದ್ದರಿಂದ ಯೂರಿಯಾದಿಂದ ಉಂಟಾಗುವ ನೈಟ್ರೇಟ್ (ಬೇರು ಹೀರಬಲ್ಲ ಸಾರಜನಕದ ರೂಪ) ಮಣ್ಣಿನಲ್ಲೇ ಸಾಕಷ್ಟು ಸಿಕ್ಕರೆ ಅದು ಗಂಟು ಕಟ್ಟುವುದನ್ನೇ ನಿಲ್ಲಿಸುತ್ತದೆ. ದ್ವಿದಳ ಬೆಳೆಗಳಿಗೆ ಹೆಕ್ಟೇರಿಗೆ 20–25 ಕೆ.ಜಿ.ಯಷ್ಟು ಮಾತ್ರ ಸಾರಜನಕವನ್ನು, ಅದೂ ಬಿತ್ತನೆಯ ಹೊತ್ತಿಗೆ ಕೊಡಲು ಹೇಳುವುದು ಗಂಟು ದುಡಿಯಲು ತೊಡಗುವವರೆಗೆ ಸಸಿಗೆ ಆಸರೆಯಾಗಲೆಂದು. ಉಪಚಾರದಲ್ಲಿ ಶಿಲೀಂಧ್ರನಾಶಕ ಮೊದಲು, ಕೀಟನಾಶಕ ನಂತರ, ರೈಜೋಬಿಯಂ ಕೊನೆಗೆ ಬರಬೇಕು; ಬೆಲ್ಲದ ಪಾಕದಲ್ಲಿ ಅಂಟಿಸಿದ ಬೀಜವನ್ನು ನೆರಳಿನಲ್ಲಿಯೇ ಆರಿಸಬೇಕು. ಪೊಟ್ಟಣದಲ್ಲಿರುವುದು ಜೀವಂತ ವಸ್ತುವೆಂಬುದನ್ನು ಮರೆತು ಬಿಸಿಲಿನಲ್ಲಿ ಇಟ್ಟಿರುವುದನ್ನು ಕಂಡಾಗ ನಿಜಕ್ಕೂ ನೋವಾಗುತ್ತದೆ.

ಪ್ರಶ್ನೆ: ಫ್ಯುಸೇರಿಯಂ ಎಂದರೆ ತೊಗರಿಗೆ ನೆಟೆ ರೋಗ ತರುವ ಶಿಲೀಂಧ್ರ. ಬೆಳೆಯನ್ನು ಕಾಯುವ ಫ್ಯುಸೇರಿಯಂ ಕೂಡ ಇದೆಯೆಂಬುದು ನಿಜವೇ?
– ಓದುಗರೊಬ್ಬರು, ಬೀದರ್

ಉತ್ತರ: ನಿಜ. ತೊಗರಿಯ ನೆಟೆ ರೋಗಕ್ಕೆ ಕಾರಣ ಫ್ಯುಸೇರಿಯಂ ಉಡಮ್. ನೀವು ಓದಿರುವುದು ಅದರ ಬಳಗದ ಫ್ಯುಸೇರಿಯಂ ಆಕ್ಸಿಸ್ಪೋರಮ್ ಕುರಿತು ಇರಬೇಕು. ಫ್ರಾನ್ಸಿನ ಶಾತೊರೆನಾರ್ ಎಂಬಲ್ಲಿನ ಮಣ್ಣಿನಲ್ಲಿ ಸೊರಗು ರೋಗ ಹರಡುತ್ತಲೇ ಇರಲಿಲ್ಲ. ಆ ಮಣ್ಣಿನಿಂದ ಪಡೆದ ಎಫ್‌ಒ47 ಎಂಬ ತಳಿ ಬೇರಿನ ಬಳಿ ಆಹಾರಕ್ಕಾಗಿ ರೋಗಕಾರಕದೊಡನೆ ಪೈಪೋಟಿ ನಡೆಸುವುದಲ್ಲದೆ ಗಿಡದ ರಕ್ಷಣಾಶಕ್ತಿಯನ್ನೂ ಚುರುಕುಗೊಳಿಸುತ್ತದೆ. 2010ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಟೊಮೆಟೊಗೆ ರೋಗ ತರುವ ತಳಿಯೊಂದರಿಂದ ಒಂದು ಚಿಕ್ಕ ಕ್ರೋಮೋಸೋಮ್ ಇದೇ ಎಫ್‌ಒ47ಕ್ಕೆ ದಾಟಿಬಂದಾಗ, ಅದುವರೆಗೆ ನಿರುಪದ್ರವಿಯಾಗಿದ್ದ ಈ ಶಿಲೀಂಧ್ರ ಟೊಮೆಟೊ ಗಿಡಕ್ಕೆ ರೋಗ ತರಲಾರಂಭಿಸಿತು.