ಪ್ರತಿಕ್ರಿಯೆ: 11 ತಿಂಗಳಾದರೂ ಭಿಶಿ ಬಂದಿಲ್ಲ, ಹೆಸರು ಬದಲಿಸಬೇಕಾ?

ಇದು ನಸೀಬಲ್ಲ ಅಕ್ಕ, ಬರೀ ಎಣಿಕೆ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕಿ, ಚೀಟಿಯಲ್ಲಿ ಹೆಸರು ಬಂದವರಿಗೆ ಅಷ್ಟನ್ನೂ ಕೊಡುವ ನಿಮ್ಮ ಬಾಗಲಕೋಟೆಯ ಭಿಶಿಯಲ್ಲಿ 20 ಜನ, 11 ಸಲ ಚೀಟಿ ಎತ್ತಿದರೂ ನಿಮ್ಮ ಹೆಸರು ಬಂದಿಲ್ಲ ಅಂದಿರಿ. ಹಾಗಾಗುವ ಸಾಧ್ಯತೆ ನೂರಕ್ಕೆ 45. ನಿಮ್ಮ ಜೊತೆ ಇನ್ನೂ 8 ಜನ ಕಾಯ್ತಾ ಕೂತಿದ್ದಾರೆ ಅಲ್ವಾ? ಅಷ್ಟೂ ಜನರ ನಸೀಬು ಕೆಟ್ಟಿರಲ್ಲ.

ಅತ್ತೆಯವರ ಹೆಸರಿಗೆ ಬದಲಿಸಬೇಡಿ. ಯಾವ ಹೆಸರು ಬರೆದರೂ ಡಬ್ಬಿಯಲ್ಲಿ ನಿಮ್ಮದು ಒಂದೇ ಚೀಟಿ. ಇಷ್ಟು ಸಲ ತಪ್ಪಿದೆ, ಇನ್ನೂ ತಪ್ಪುತ್ತೆ ಅನ್ನೋದೂ ಸುಳ್ಳು. ನಾಣ್ಯ ಎಷ್ಟು ಸಲ ಚಿಮ್ಮಿದರೂ ಅರ್ಧಕ್ಕರ್ಧವೇ. ಭಿಶಿ ಹಾಗಲ್ಲ, ಬಂದವರ ಚೀಟಿ ಹೊರಗೆ ಹೋಗುತ್ತೆ. ಮುಂದಿನ ತಿಂಗಳು ನಿಮಗೆ 9ಕ್ಕೆ 1, ಆಮೇಲೆ 8ಕ್ಕೆ 1.

ಮೋಸ ನಡೆದೇ ಇಲ್ಲ ಅಂತ ನಾನು ಇಲ್ಲಿಂದ ಹೇಳಲಾರೆ. ಮುಂದಿನ ಸಲ ಮೊದಲು 9 ಹೆಸರನ್ನೂ ಎಲ್ಲರೆದುರು ಓದಿಸಿ. ಒಂದೇ ಹಾಳೆಯಿಂದ ಹರಿದು ಒಂದೇ ಥರ ಮಡಚಿಸಿ, ದಪ್ಪ ಮಡಿಕೆ ಬೆರಳಿಗೆ ಬೇಗ ಸಿಗುತ್ತೆ. ಆಮೇಲೆ ಚೆನ್ನಾಗಿ ಕಲಸಬೇಕು, ಇದೇ ಮುಖ್ಯ. ನಮ್ಮ ಭಿಶಿಯಲ್ಲಿ ಡಬ್ಬಿ ಕಿರಿದಿತ್ತು, ಕೊನೆಗೆ ಹಾಕಿದ ಚೀಟಿ ಮೇಲೇ ಕೂತಿರುತ್ತಿತ್ತು. 1969ರಲ್ಲಿ ಅಮೆರಿಕದವರು ಸೈನ್ಯಕ್ಕೆ ಹುಡುಗರನ್ನು ಆರಿಸಲು ಹುಟ್ಟಿದ ದಿನಗಳ ಚೀಟಿ ಎತ್ತಿದಾಗಲೂ ಸರಿಯಾಗಿ ಕಲಸಿರಲಿಲ್ಲ. ಡಿಸೆಂಬರ್‌ನಲ್ಲಿ ಹುಟ್ಟಿದವರ ಸರದಿ ಜಾಸ್ತಿ ಬೇಗ ಬಂತು. ಅಗಲವಾದ ಪರಾತ ತಗೊಳ್ಳಿ, ಸಣ್ಣ ಮಗುವಿನ ಕೈಲಿ ಎತ್ತಿಸಿ.

ದುಡ್ಡು ತುರ್ತಾಗಿ ಬೇಕಿದ್ದರೆ, ಬಂದವರು ಅದಲು ಬದಲು ಮಾಡಿಕೊಳ್ಳುತ್ತಾರಾ ಅಂತ ಎತ್ತುವ ಮೊದಲೇ ಕೇಳಿಡಿ.