ಪ್ರೈಮರಿ ಮಕ್ಕಳಿಗೆ ರಂಗೋಲಿ, ಕಸೂತಿಯನ್ನು ಕಂಪ್ಯೂಟರ್ ಜೊತೆ ಸೇರಿಸಿ ಕಲಿಸೋದು ಹೇಗೆ?

ಕೊಡಗಿನ ಸೋಮವಾರಪೇಟೆ ಕಡೆ ಶಾಲೆಗೆ ಹೊಸದಾಗಿ ಬಂದಿದ್ದೀರಿ, ನಾಲ್ಕು–ಐದನೇ ಕ್ಲಾಸು, ಎರಡೇ ಎರಡು ಹಳೇ ಲ್ಯಾಪ್‌ಟಾಪ್ ಇವೆ, ಸಾಕಾಗುತ್ತಾ ಅಂತ ಕೇಳಿದ್ದೀರಿ. ಧಾರಾಳ ಸಾಕು. ನಾನು ವಿರಾಜಪೇಟೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಮೊದಲು ಕೈ, ಆಮೇಲೆ ಪರದೆ. ಮೊದಲ ವರ್ಷ ನಾನು ಉಲ್ಟಾ ಮಾಡಿದ್ದೆ. ಡ್ರಾಯಿಂಗ್ ಆ್ಯಪ್ ತೆರೆದು ಕೊಟ್ಟುಬಿಟ್ಟೆ. ಒಂದು ಗೆರೆ ಎಳೆದರೆ ಅದೇ ಗೆರೆ ಸುತ್ತ ಎಂಟು ಕಡೆ ಬೀಳುವ ಟೂಲ್ ಮಕ್ಕಳ ಕೈಗೆ ಸಿಕ್ಕಿತು. ಹತ್ತು ನಿಮಿಷದಲ್ಲಿ ಎಲ್ಲರದ್ದೂ ಚೆಂದ, ಎಲ್ಲರದ್ದೂ ಒಂದೇ ಥರ. ಹೇಗೆ ಬಂತು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಅವತ್ತು ತುಂಬಾ ಬೇಜಾರಾಗಿತ್ತು.

ಈಗ ಜಗಲಿಯಿಂದ ಶುರು ಮಾಡುತ್ತೇನೆ. ನಮ್ಮ ಜೂನ್ ಮಳೆ ಗೊತ್ತಲ್ವಾ, ಅಂಗಳದಲ್ಲಿ ರಂಗೋಲಿ ಪುಡಿ ನಿಲ್ಲಲ್ಲ. ಅದಕ್ಕೆ ಕಾಫಿ ಬೀಜವನ್ನೇ ಚುಕ್ಕಿಯಾಗಿ ಇಡಿಸುತ್ತೇನೆ. ತಪ್ಪಾದರೆ ಬೀಜ ಸರಿಸಿದರಾಯಿತು. 7ರಿಂದ 4ರ ಸಂದು ಚುಕ್ಕಿ ಇಡಿಸಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರಬೇಕು. ನಡುಸಾಲಲ್ಲಿ 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37 ಅಂತ ಅವರೇ ಎಣಿಸಲಿ. ಅಂಚಿಗೆ ಆರು ಬದಿ, ಪ್ರತಿ ಬದಿಗೂ 4 ಚುಕ್ಕಿ. ಆಮೇಲೆ ಸೀಮೆಸುಣ್ಣದಲ್ಲಿ ಆರು ಎಸಳು.

ಇಷ್ಟಾದ ಮೇಲೆ ಸ್ಕ್ರ್ಯಾಚ್. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಮಕ್ಕಳಿಗೆ ಅಂತಲೇ ಬಿಟ್ಟ ಪ್ರೋಗ್ರಾಮ್, ಪೂರ್ತಿ ಉಚಿತ. ಆದೇಶ ಬರೆದಿರುವ ಬಣ್ಣದ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಪರದೆಯಲ್ಲಿ ಒಂದಕ್ಕೊಂದು ಜೋಡಿಸಿದರೆ ಅದು ಹೇಳಿದಂತೆ ಮಾಡುತ್ತದೆ. ಇಂಟರ್‌ನೆಟ್ ಇಲ್ಲದೆ ನಡೆಯುವ ಆವೃತ್ತಿಯನ್ನೇ ಹಾಕಿಕೊಳ್ಳಿ, ಮಳೆಗಾಲದಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಎಡಗಡೆ ಕೆಳಮೂಲೆಯ ಬಟನ್ ಒತ್ತಿ, ಗೆರೆ ಎಳೆಯುವ ಪೆನ್ ಬ್ಲಾಕ್‌ಗಳನ್ನು ಸೇರಿಸಬೇಕು. ಒಂದು ಎಸಳು ಬರೆಯುವ ಬ್ಲಾಕ್‌ಗಳನ್ನು ನಾನೇ ಜೋಡಿಸಿ ಇಟ್ಟಿರುತ್ತೇನೆ. ಎಷ್ಟು ತಿರುಗಿಸಬೇಕು, ಎಷ್ಟು ಸಲ ಅನ್ನೋದು ಮಾತ್ರ ಮಕ್ಕಳ ಪಾಲಿಗೆ.

ಒಬ್ಬ ಹುಡುಗಿ 50 ಡಿಗ್ರಿ, ಆರು ಸಲ ಅಂತ ಹಾಕಿದಳು. ಎಸಳುಗಳು ಒಂದರ ಮೇಲೊಂದು ಏರಿ, ಹೂವು ಒಂದು ಕಡೆ ಬಾಯಿ ಬಿಟ್ಟುಕೊಂಡಿತು. ಅವಳು ಸುಮ್ನೆ ಎದ್ದು ಜಗಲಿಗೆ ಹೋದಳು. ಕಾಫಿ ಬೀಜದ ಸುತ್ತ ಬೆರಳು ಆಡಿಸಿದಳು. ಬಂದು, "ಟೀಚರ್, ಸುತ್ತು ಪೂರ್ತಿ ಆಗಿಲ್ಲ" ಅಂದಳು. ಒಂದು ಸುತ್ತಿಗೆ 360 ಅಂತ ಪಕ್ಕದ ಹುಡುಗ ನೆನಪಿಸಿದ. 6ರಿಂದ ಭಾಗಿಸಿ 60 ಹಾಕಿದರು. ಹೂವು ಮುಚ್ಚಿಕೊಂಡಿತು. ಆ ಗದ್ದಲ ನೀವು ಕೇಳಬೇಕಿತ್ತು!

ರಂಗೋಲಿಗೇ ನಿಲ್ಲಬೇಡಿ. ನಮ್ಮ ಕ್ಲಾಸುಗಳಲ್ಲಿ ಕೊಡವರು, ಅರೆಭಾಷೆಯವರು, ಮಾಪಿಳ್ಳೆ ಮಕ್ಕಳು, ಎರವರು, ತೋಟದ ಲೈನ್‌ಮನೆ ಮಕ್ಕಳು ಎಲ್ಲರೂ ಇರ್ತಾರೆ. ಎಲ್ಲರ ಮನೆಯಲ್ಲೂ ರಂಗೋಲಿ ಇರಲ್ಲ. ಮನೆಯ ಒಂದು ವಿನ್ಯಾಸ ನೋಡಿಕೊಂಡು ಬನ್ನಿ ಅಂತ ಹೇಳಿ. ಕೊಡವರು ಕುಪ್ಯ ಅನ್ನೋ ಉದ್ದ ಅಂಗಿಯ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆಯ ಅಂಚು, ಮದರಂಗಿ, ಬುಟ್ಟಿಯ ಹೆಣಿಗೆ, ಯಾವುದಾದರೂ ಸರಿ. ಬುಟ್ಟಿಯ ಒಂದು ಮೇಲೆ ಒಂದು ಕೆಳಗೆ ಅನ್ನೋ ಲೆಕ್ಕವನ್ನು ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನೋ ಉಚಿತ ಸ್ಪ್ರೆಡ್‌ಶೀಟ್ ಪ್ರೋಗ್ರಾಮ್‌ನ ಚೌಕ ಮನೆಗಳಿಗೆ ಬಣ್ಣ ತುಂಬಿ ಮಾಡಬಹುದು. ನೀವು ಕೇಳಿದ ಕಸೂತಿಗೂ ಅದೇ ದಾರಿ. ಮೆಂತ್ಯೆ ಅನ್ನೋ, ಗುಣಾಕಾರದ ಗುರುತಿನಂಥ ಅಡ್ಡ ಹೊಲಿಗೆಯಿಂದ ಶುರು ಮಾಡಿ, ಒಂದು ಹೊಲಿಗೆಗೆ ಒಂದು ಮನೆ. ಮೊದಲು ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಬರೆಸಿ.

ಕೊನೆಗೆ ಪರದೆಯಲ್ಲಿ ಮಾಡಿದ್ದನ್ನು ಮತ್ತೆ ಕೈಯಲ್ಲಿ ಮಾಡಿಸಿ. ಇದನ್ನು ಮಾತ್ರ ಬಿಡಬೇಡಿ. ಅದೇ ಹುಡುಗಿ ಆಮೇಲೆ 72 ಡಿಗ್ರಿ, ಐದು ಸಲ ಹಾಕಿ ಐದೆಸಳಿನ ಹೂವು ಮಾಡಿದ್ದಳು. ಜಗಲಿಯಲ್ಲಿ ಎರಡು ದಿನ ಬೀಜ ಇಟ್ಟು ತೆಗೆದು ನೋಡಿದಳು. ನೇರ ಚುಕ್ಕಿಗೂ ಕೂರಲಿಲ್ಲ, ಸಂದು ಚುಕ್ಕಿಗೂ ಕೂರಲಿಲ್ಲ. ಸಮ ಅಂತರದ ಚುಕ್ಕಿಗಳಲ್ಲಿ ಸರಿಯಾದ ಐದೆಸಳು ಬರೋದೇ ಇಲ್ಲ, ಆದರೆ ನಾನು ಹೇಳಲು ಹೋಗಲಿಲ್ಲ. ಮೂರನೇ ದಿನ ಬೀಜವನ್ನೆಲ್ಲ ಡಬ್ಬಿಗೆ ತುಂಬಿಟ್ಟು, ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆದಳು. ಅಕ್ಕನ ಕೋನಮಾಪಕ ತಂದಿದ್ದಳು. 72ಕ್ಕೆ ಗುರುತು ಹಾಕಿಕೊಳ್ಳುತ್ತಾ ಕೂತಳು.